ಸಾಜಿಯಾ ಮುಂದೇನು ಮಾಡ್ತಾಳ

ಕೌಲ್ ಬಜಾರ್, ಬಳ್ಳಾರಿ
9 ಆಗಸ್ಟ್ 2009

ಮಗಳು ಸಾಜಿಯಾಗ ಅಪ್ಪನ ದುವಾ.

ನೀ ಮುಂಬೈ ಮುಟ್ಟಿದ್ದು, ಹಾಸ್ಟೆಲಿನ್ಯಾಗ ಖೋಲಿ ಸಿಕ್ಕಿದ್ದು, ಕೆಲಸಕ್ಕ ಹತ್ತಿದ್ದು ಎಲ್ಲಾ ನಿನ್ನ ತಂಗಿ ಆಫ್ರೀನ್ ಹೇಳಿದ್ಲು. ನೀವಿಬ್ಬರೂ ಫೋನಿನ್ಯಾಗ ಒಂದು ತಾಸು ಮಾತಾಡಿದ್ರಿ. ನಾ ಎದುರಿಗಿ ಕುಂತು ಆಕಿ ಬಾಯಿ ನೋಡಿಕೋಂತ ಇದ್ದೆ. ಮುಗದ ಮ್ಯಾಲೆ ಏನಂದ್ಲು ಅಂತ ಕೇಳಿದ್ರ, 'ಆರಾಮ ಅದಾಳಂತ' ಅಂತ ಕೈ ಮಾಡಿ ಎದ್ದು ಹೋದ್ಲು. ಒಂದು ತಾಸಿನ ಮಾತಿನ್ಯಾಗ ನನ್ನ ಪಾಲಿಗೆ ಬಂದಿದ್ದು ಅಷ್ಟು. ಇಪ್ಪತ್ತೆಂಟು ವರ್ಷ ಜೀನ್ಸ್ ಕಟಿಂಗ್ ಮಷಿನ್ ಮುಂದ ನಿಂತ ಕಿವಿ, ಇನ್ನ ವಾಪಸ್ ಬರಂಗಿಲ್ಲ. ಮೆಸೇಜು ಕಳಸಿದ್ರ ಇಂಗ್ಲಿಷ್ ಅಕ್ಷರ. ಅದಕ್ಕ ನೀ ನನಗ ಬ್ಯಾರೆ ಕಾಗದ ಬರೀಬೇಕು. ಕನ್ನಡ ಸಾಲಿ ಏಳನೇತ್ತ ಓದೀನಿ, ಎಷ್ಟು ಉದ್ದ ಬರದ್ರೂ ಓದ್ತೀನಿ.

ಇಲ್ಲಿ ಟೀ ಅಂಗಡ್ಯಾಗ ದಿನಾ ಒಂದೇ ಮಾತು. 'ದಾದಾಪೀರ್, ಮಗಳು ಡಾಕ್ಟರ್ ಆದ್ಲು, ಎಂ.ಡಿ. ಆದ್ಲು, ಮತ್ತೂ ಓದಾಕ ಹೋಗ್ಯಾಳಂತ. ಮುಂದೇನು?' ಅಂತ ಕಿವಿ ಹತ್ರ ಬಂದು ಕೂಗ್ತಾರ. 'ಸೂಜಿ ಮಾಡ್ತಾಳೇನು?' ಇಲ್ಲ ಅಂತೀನಿ. 'ಆಪರೇಷನ್?' ಅದೂ ಇಲ್ಲ ಅಂತೀನಿ. 'ಮತ್ತ ಎಂಥಾ ಡಾಕ್ಟರ್?' ದೊಡ್ಡ ಡಾಕ್ಟರ್ ಅಂದು ಟೀ ಕುಡೀತೀನಿ. ನೀ ಮಾಡೋದು ಏನು ಅಂತ ನಾ ನಾಕು ಮಂದಿಗೆ ಹೇಳೋಹಂಗ ಬರದು ಕಳಸು.

ನಮ್ಮ ಗೆಳೆಯ ಎರ್ರಣ್ಣ ವಾರಕ್ಕೊಮ್ಮೆ ಅದಿರಿನ ಲಾರಿ ನಿಲ್ಲಿಸಿ ಮಾತಾಡಿಸಿ ಹೋಗ್ತಾನ. ಮೈತುಂಬ ಕೆಂಪು ಧೂಳ. ಭಾಳ ಸಣ್ಣಾಗ್ಯಾನ. ಟ್ರಿಪ್ ಜಾಸ್ತಿ ಅಂತಾನ.

ನಿಮ್ಮವ್ವ ಶೇಂಗಾ ಚಟ್ನಿಪುಡಿ ಕಟ್ಟಿ ಇಟ್ಟಾಳ, ಬರೋರ ಕೈಯಾಗ ಕಳಸ್ತೀವಿ.

ನಿಮ್ಮಪ್ಪ
ದಾದಾಪೀರ್

ಮುಂಬೈ
23 ಆಗಸ್ಟ್ 2009

ಅಪ್ಪನಿಗೆ ಸಾಜಿಯಾಳ ಸಲಾಂ.

ನಿಮ್ಮ ಕಾಗದ ಓದಿ ಎರಡು ದಿನ ಒಬ್ಬಳೇ ನಗುತ್ತಿದ್ದೆ. ಈಗ ಕೇಳಿ.

ರೋಗ ಬಂದ ಜಾಗದಿಂದ ಒಂದು ಚೂರು ತೆಗೆದು, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ರೋಗ ಅಂತ ಹೇಳುವುದು ಪೆಥಾಲಜಿ. ಎಂ.ಡಿ.ಯಲ್ಲಿ ನಾನು ಕಲಿತದ್ದು ಅದು. ಈಗ ಕಲಿಯುತ್ತಿರುವುದು ಅದಕ್ಕಿಂತ ಒಳಗಿನದು. ನೀವು ಪ್ಯಾಂಟಿನ ಪ್ಯಾಟರ್ನನ್ನು ರಟ್ಟಿನಲ್ಲಿ ಕತ್ತರಿಸಿ ಗೋಡೆಗೆ ತೂಗು ಹಾಕುತ್ತೀರಲ್ಲ, ನಮ್ಮ ಮೈಯ ಒಂದೊಂದು ಕಣದೊಳಗೂ ಅಂಥ ಪ್ಯಾಟರ್ನ್ ಇರುತ್ತದೆ. ಅದರಲ್ಲಿ ಎಲ್ಲಿ ತಪ್ಪಾಗಿದೆ ಅಂತ ಹುಡುಕುವುದು ನಮ್ಮ ಕೆಲಸ. ತಪ್ಪು ಗೊತ್ತಾದರೆ ಕೆಲವು ರೋಗಗಳಿಗೆ ಔಷಧಿ ಯಾವುದು ಅಂತಲೂ ಗೊತ್ತಾಗುತ್ತದೆ. ಮಾಲಿಕ್ಯುಲರ್ ಪೆಥಾಲಜಿ ಅಂತ ಹೆಸರು. ಹೇಳಲು ಬರದಿದ್ದರೆ ಬಿಡಿ.

ಮುಂದೇನು ಅಂತ ಕೇಳಿದವರಿಗೆ ಏನು ಹೇಳಲಿ? ನಿಜ ಹೇಳುತ್ತೇನೆ, ನನಗೂ ಗೊತ್ತಿಲ್ಲ. ಇದು ಒಂದು ವರ್ಷದ ಫೆಲೋಶಿಪ್, ಡಿಗ್ರಿ ಅಲ್ಲ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಇಂಥ ಹುದ್ದೆಯೇ ಇಲ್ಲ. ಈ ಕೆಲಸ ನಡೆಯುವ ದೊಡ್ಡ ಲ್ಯಾಬುಗಳು ನಾಲ್ಕೈದು ಊರಲ್ಲಿವೆ, ಅಲ್ಲಿ ಜಾಗ ಖಾಲಿ ಆಗುವುದು ಅಪರೂಪ. ನನ್ನ ಜೊತೆ ಓದಿದವರು ಊರಲ್ಲಿ ಸಣ್ಣ ಲ್ಯಾಬ್ ತೆರೆದು, ಸಕ್ಕರೆ ಥೈರಾಯ್ಡ್ ನೋಡುತ್ತ ಆಗಲೇ ಮನೆ ಕಟ್ಟಿದ್ದಾರೆ. ಬಳ್ಳಾರಿಯಲ್ಲಿ ಈ ಕೆಲಸದ ಯಂತ್ರ ಯಾರ ಹತ್ತಿರವೂ ಇಲ್ಲ. ಒಮ್ಮೊಮ್ಮೆ, ಊರಿಗೆ ವಾಪಸ್ ಬರಲಾಗದ ವಿದ್ಯೆ ಕಲಿಯುತ್ತಿದ್ದೇನೆ ಅನ್ನಿಸುತ್ತದೆ. ಇದನ್ನು ಟೀ ಅಂಗಡಿಯಲ್ಲಿ ಹೇಳಬೇಡಿ.

ಎರ್ರಣ್ಣ ಮಾಮ ಊಟ ಸರಿ ಮಾಡುತ್ತಾನಾ ಕೇಳಿ.

ನಿಮ್ಮ
ಸಾಜಿಯಾ

ಕೌಲ್ ಬಜಾರ್
25 ಸೆಪ್ಟೆಂಬರ್ 2009

ಮಗಳು ಸಾಜಿಯಾಗ ಅಪ್ಪನ ದುವಾ.

ನೀನಿಲ್ಲದ ಹಬ್ಬ ಆತು. ನಿಮ್ಮವ್ವ ಹಾಲು ಶಾವಿಗಿ ಹಾಕಿ ಸುರ್ಕುಂಬ ಮಾಡಿ, ಮೊದಲನೇ ಬಟ್ಟಲ ನಿನ್ನ ಹೆಸರಿಲೆ ತಗದಿಟ್ಟು, ಮಧ್ಯಾಹ್ನ ತಾನೇ ಕುಡದ್ಲು.

ಈಗ ಒಂದು ದೊಡ್ಡ ಸುದ್ದಿ. ಸಿರುಗುಪ್ಪ ರಸ್ತಿಯಾಗ ಒಬ್ಬರು ಗಣಿ ದಣೇರು ದೊಡ್ಡ ಆಸ್ಪತ್ರಿ ಕಟ್ಟಾಕ ಹತ್ಯಾರ. ಅವರ ಮ್ಯಾನೇಜರ್ ಜಂಬುನಾಥ ಅಂತ, ನಮ್ಮ ಕಡಿಂದ ಕೆಲಸಗಾರರ ಡ್ರೆಸ್ ಹೊಲಿಸೋ ಮಾತಿಗೆ ಬಂದಿದ್ದ. ನಿನ್ನ ಸುದ್ದಿ ಬಂತು. 'ಅಂಥಾ ಡಾಕ್ಟರ್ ನಮಗ ಬೇಕಾಗ್ಯಾರ, ಲ್ಯಾಬಿಗೆಲ್ಲಾ ಅವರೇ ಮುಖ್ಯಸ್ಥರು, ಹೂಂ ಅನ್ರಿ' ಅಂತ ಹಾಳಿ ಮ್ಯಾಲೆ ಬರದು ತೋರಿಸಿದ. ನಾ ಹೂಂ ಅಂದೆ. ಊರಿಗೆ ಬರಾಕ ಆಗಂಗಿಲ್ಲ ಅಂತ ನೀ ಬರದಿದ್ದಿ, ದಾರಿ ತಾನೇ ಮನಿ ಬಾಗಿಲಿಗೆ ಬಂತು ಅಂದುಕೊಂಡೆ. ಹತ್ತು ದಿನಕ್ಕ ಫ್ಲೆಕ್ಸ್ ಬೋರ್ಡ್ ಬಂತು. ಡಾ. ಸಾಜಿಯಾ, ಎಂ.ಡಿ., ಅಂತ ಮೊಳದುದ್ದ ಅಕ್ಷರ. ನಾನೂ ನಿಮ್ಮವ್ವನೂ ಆಟೋ ಮಾಡಿಕೊಂಡು ಹೋಗಿ ನೋಡಿ ಬಂದ್ವಿ.

ಎರ್ರಣ್ಣ ಹಬ್ಬಕ್ಕ ಬಂದಿದ್ದ. ಎರಡು ಚಮಚ ಸುರ್ಕುಂಬ ಕುಡದು ಹೊಟ್ಟಿ ತುಂಬೇತಿ ಅಂದ. ಎಡಗಡಿ ಹೊಟ್ಟಿ ಕಲ್ಲಿನಂಗ ಗಟ್ಟಿ ಆಗೈತಿ, ಮುಟ್ಟಿ ನೋಡಿದೆ. ರಾತ್ರಿ ಅಂಗಿ ತೋಯ್ಯೋಹಂಗ ಬೆವರ್ತಾನಂತ. ಧೂಳ ಹೊಟ್ಟಿಯಾಗ ಕುಂತೈತಿ ಅಂತ ಅವನ ಹೆಂಡ್ತಿ ಯಂಕಮ್ಮ ಔಷಧ ಕುಡಸಾಕ ಹತ್ಯಾಳ.

ಬೋರ್ಡಿನ ಫೋಟೋ ಆಫ್ರೀನ್ ತಗದಾಳ, ಇದರ ಜೊತಿ ಇಟ್ಟೀನಿ.

ನಿಮ್ಮಪ್ಪ
ದಾದಾಪೀರ್

ಮುಂಬೈ
3 ಅಕ್ಟೋಬರ್ 2009

ಅಪ್ಪ,

ಫೋಟೋ ನೋಡಿದೆ. ನನ್ನ ಹೆಸರನ್ನು ನನ್ನನ್ನು ಕೇಳದೆ ಕೊಟ್ಟಿರಿ. ಇಪ್ಪತ್ತೊಂಬತ್ತು ವರ್ಷದಲ್ಲಿ ನೀವು ಹೀಗೆ ಮಾಡಿದ್ದು ಇದೇ ಮೊದಲು. ಇನ್ನೂ ಬರೆದರೆ ಒರಟಾಗುತ್ತದೆ, ಅದಕ್ಕೆ ಆ ವಿಷಯ ಇಲ್ಲಿಗೆ ನಿಲ್ಲಿಸುತ್ತೇನೆ.

ಎರ್ರಣ್ಣ ಮಾಮನದು ಧೂಳಿನ ರೋಗ ಅಲ್ಲ ಅಂತ ನನ್ನ ಅಂದಾಜು. ಎಡಗಡೆ ಗಟ್ಟಿ ಆಗಿರುವುದು ಊದಿದ ಗುಲ್ಮ, ಅಂದರೆ ರಕ್ತ ಸೋಸುವ ಅಂಗ, ಇರಬೇಕು. ಈ ಕಾಗದ ಮುಟ್ಟಿದ ದಿನವೇ ಅವನನ್ನು ಕರೆದುಕೊಂಡು ಹೋಗಿ ರಕ್ತದ ಕಣ ಎಣಿಸಲು ಹೇಳಿ. ಬಿಳಿ ಕಣ ಎಷ್ಟು ಅಂತ ಆಫ್ರೀನ್ ಕೈಯಲ್ಲಿ ಫೋನ್ ಮಾಡಿಸಿ. ತಡ ಮಾಡಬೇಡಿ.

ಸಾಜಿಯಾ

ಕೌಲ್ ಬಜಾರ್
14 ಅಕ್ಟೋಬರ್ 2009

ಮಗಳು ಸಾಜಿಯಾಗ ಅಪ್ಪನ ದುವಾ.

ಸಿರುಗುಪ್ಪದಾಗ ಹೊಳಿ ಉಕ್ಕಿ ಗದ್ದಿಯೆಲ್ಲಾ ನೀರಾಗ ಹೋತು. ನಿಮ್ಮವ್ವ ತವರುಮನಿಗೆ ಹೋಗ್ಯಾಳ, ಅಲ್ಲಿ ಗೋಡಿ ಬಿದ್ದೈತಿ, ಮಂದಿ ಎಲ್ಲಾ ಉಳದಾರ.

ಎರ್ರಣ್ಣನ ರಕ್ತ ನೋಡಿಸಿದ್ವಿ. ಬಿಳಿ ಕಣ ಎರಡು ಲಕ್ಷದ ಮ್ಯಾಲೆ. ಆಫ್ರೀನ್ ನಿನಗ ಆಗಲೇ ಹೇಳ್ಯಾಳ. ಇಲ್ಲಿ ಡಾಕ್ಟರ್ ಅವನ್ನ ಹೊರಗ ಕುಂದರಿಸಿ ನನ್ನನ್ನ ಒಳಗ ಕರದು ಹೇಳಿದರು. ನನಗ ಕೇಳಲಿಲ್ಲ. ಮತ್ತ ಗಟ್ಟಿಯಾಗಿ ಹೇಳಿದರು. 'ರಕ್ತದ ಕ್ಯಾನ್ಸರ್, ಮನಿಗೆ ಕರಕೊಂಡು ಹೋಗ್ರಿ' ಅಂತ ಮೂರನೇ ಸಲ ಕೂಗಿದಾಗ ನನಗ ಕೇಳ್ತು. ಹೊರಗ ಕುಂತ ಎರ್ರಣ್ಣಗೂ ಕೇಳ್ತು.

ಅವನು ಲಾರಿ ಚಾವಿ ಮಾಲಕರಿಗೆ ಕೊಟ್ಟು ನಮ್ಮೂರು ಕುರುಗೋಡಿಗೆ ಹೋಗಿ ಮಲಗ್ಯಾನ. ನೀ ಫೋನಿನ್ಯಾಗ ಹೇಳಿದಂಗ ನೇರಳಿ ಮುಚ್ಚಳದ ಬಾಟ್ಲಿಯಾಗ ರಕ್ತ ತಗಿಸಿ ಕೊರಿಯರ್ ಮಾಡೀನಿ.

ಬೋರ್ಡಿನ ಬಗ್ಗೆ ನೀ ಬರದಿದ್ದು ಓದೀನಿ.

ನಿಮ್ಮಪ್ಪ

ಮುಂಬೈ
26 ಅಕ್ಟೋಬರ್ 2009

ಅಪ್ಪನಿಗೆ ಸಲಾಂ.

ಕೊರಿಯರ್ ಐದನೇ ದಿನಕ್ಕೆ ಬಂತು. ಪ್ರವಾಹಕ್ಕೆ ದಾರಿ ಕಟ್ಟಿತ್ತಂತೆ. ಬಿಸಿಲಿಗೆ ರಕ್ತ ಕೆಟ್ಟಿತ್ತು. ನಾವು ಹುಡುಕುವ ವಸ್ತು ಬಹಳ ನಾಜೂಕು, ಎರಡು ದಿನ ದಾಟಿದರೆ ತಾನೇ ಚೂರಾಗುತ್ತದೆ. 'ಪರೀಕ್ಷೆಗೆ ಯೋಗ್ಯವಲ್ಲ' ಅಂತ ರಿಪೋರ್ಟ್ ಬರೆದೆ. ದಿನಕ್ಕೆ ಇಬ್ಬರು ಮೂವರಿಗೆ ಹಾಗೆ ಬರೆಯುತ್ತೇವೆ. ಎರ್ರಣ್ಣ ಅನ್ನೋ ಹೆಸರಿನ ಮುಂದೆ ಬರೆಯುವಾಗ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದೆ.

ಯಾಕೆ ಇಷ್ಟು ಹಟ ಅಂತ ಹೇಳುತ್ತೇನೆ. ರಕ್ತದ ಕ್ಯಾನ್ಸರಿನಲ್ಲಿ ಹತ್ತಾರು ಬಗೆ. ಒಂದು ಬಗೆಯಲ್ಲಿ ಆಗುವುದು ಇಷ್ಟೆ: ಕಟಿಂಗ್ ಆದ ತುಂಡುಗಳಿಗೆ ನೀವು ನಂಬರ್ ಚೀಟಿ ಅಂಟಿಸುತ್ತೀರಲ್ಲ, ಹಾಗೆ ನಮ್ಮೊಳಗಿನ ಪ್ಯಾಟರ್ನುಗಳಿಗೂ ನಂಬರ್ ಇದೆ. ಒಂಬತ್ತರ ತುಂಡು ಇಪ್ಪತ್ತೆರಡಕ್ಕೆ ಹೋಗಿ ಹೊಲಿದುಕೊಂಡು ಬಿಡುತ್ತದೆ. ಆ ಒಂದು ತಪ್ಪು ಹೊಲಿಗೆಗೆ ಸರಿಯಾಗಿ ಒಂದು ಮಾತ್ರೆ ಇದೆ. ದಿನಕ್ಕೆ ಒಂದು ಹೊತ್ತು ನುಂಗಿ ಜನ ವರ್ಷಗಟ್ಟಲೆ ಕೆಲಸ ಮಾಡಿಕೊಂಡು ಇರುತ್ತಾರೆ. ಬಡವರಿಗೆ ಪುಕ್ಕಟೆ ಸಿಗುವ ದಾರಿಯೂ ಇದೆ. ಆದರೆ ಇದೇ ರೋಗ ಅಂತ ರಿಪೋರ್ಟ್ ಇಲ್ಲದೆ ಯಾರೂ ಕೊಡುವುದಿಲ್ಲ.

ಮಾಮನನ್ನೇ ಇಲ್ಲಿಗೆ ಕಳಿಸಲು ಆಗುತ್ತದಾ?

ಸಾಜಿಯಾ

ಕೌಲ್ ಬಜಾರ್
2 ನವೆಂಬರ್ 2009

ಸಾಜಿಯಾ,

ಎರ್ರಣ್ಣ ಬರಂಗಿಲ್ಲ ಅಂತಾನ. ಸತ್ರ ಕುರುಗೋಡಿನ್ಯಾಗ, ರೈಲಿನ್ಯಾಗಲ್ಲ ಅಂತ ಹಟ ಹಿಡದಾನ. ನಾನೇ ಅವನ ರಕ್ತ ತರ್ತೀನಿ. ಆಫ್ರೀನ್ ರೈಲು, ದಿನ ಎಲ್ಲಾ ಫೋನಿನ್ಯಾಗ ಹೇಳ್ತಾಳ. ಸ್ಟೇಷನ್ನಿಗೆ ಬಾ. ನನಗ ಅಲ್ಲಿ ಕೂಗಿ ಕರದ್ರ ಕೇಳಂಗಿಲ್ಲ, ಎದುರಿಗಿ ಬಂದು ನಿಂದ್ರು.

ಅಪ್ಪ

ಕೌಲ್ ಬಜಾರ್
20 ನವೆಂಬರ್ 2009

ಮಗಳು ಸಾಜಿಯಾಗ ಅಪ್ಪನ ದುವಾ.

ಮನಿ ಮುಟ್ಟಿದೆ. ನಿಮ್ಮವ್ವಗ ಎಷ್ಟು ಹೇಳಿದ್ರೂ ಸಾಲವಲ್ಲದು. ಆಕಿಗೆ ಹೇಳಿದ್ದನ್ನೇ ನಿನಗೂ ಬರೀತೀನಿ, ಯಾಕಂದ್ರ ಅಲ್ಲಿ ಎರಡು ದಿನ ನೀ ಕೆಲಸದಾಗ ಇದ್ದಿ, ನಾ ಮಾತಾಡಲಿಲ್ಲ.

ಮುಂಜಾನೆ ಕುರುಗೋಡಿನ್ಯಾಗ ರಕ್ತ ತಗಿಸಿ, ಟೀ ಫ್ಲಾಸ್ಕಿನ್ಯಾಗ ಬರ್ಫ ತುಂಬಿ, ಬಾಟ್ಲಿ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಇಟ್ಟೆ. ಗುಂತಕಲ್ಲಿನ್ಯಾಗ ರೈಲು ಹತ್ತಿದೆ. ರಾಯಚೂರಿನ್ಯಾಗ ಸೋಡಾ ಅಂಗಡಿಯವನ ಕಡಿಂದ ಬರ್ಫ ಇಸಕೊಂಡೆ, ಸೊಲ್ಲಾಪುರದಾಗ ಇನ್ನೊಮ್ಮೆ. ಎದುರಿಗಿ ಕುಂತ ಮನುಷ್ಯ ಭಾಳ ಹೊತ್ತು ನೋಡಿ, ಫ್ಲಾಸ್ಕಿನ್ಯಾಗ ಏನೈತಿ ಅಂತ ಕೈ ಮಾಡಿ ಕೇಳಿದ. 'ನಮ್ಮ ಗೆಳೆಯ ಅದಾನ' ಅಂದೆ. ಅವ ಬ್ಯಾರೆ ಸೀಟಿಗೆ ಹೋದ.

ಸ್ಟೇಷನ್ನಿನ್ಯಾಗ ನೀ ಎದುರಿಗಿ ಬಂದು ನಿಂತಿ. ಮೊದಲು ಫ್ಲಾಸ್ಕ್ ಇಸಕೊಂಡು ಮುಚ್ಚಳ ತಗದು ಬರ್ಫ ನೋಡಿದಿ. ಆಮ್ಯಾಲೆ ನನ್ನ ಮಾರಿ ನೋಡಿದಿ. ನನಗ ಅದರಾಗ ಬ್ಯಾಸರ ಆಗಲಿಲ್ಲ. ನಾ ಒಳ್ಳೆ ಬಟ್ಟಿ ತಾನು ಬಂದಾಗ ಹಿಂಗೇ ಮಾಡ್ತೀನಿ, ತಂದವನ್ನ ಆಮ್ಯಾಲೆ ಮಾತಾಡಿಸ್ತೀನಿ.

ಲ್ಯಾಬಿನ್ಯಾಗ ಕುಂದರಿಸಿದಿ. ಮರುದಿನ ಮಧ್ಯಾಹ್ನ ಕಂಪ್ಯೂಟರ್ ಪರದೆ ಮ್ಯಾಲೆ ಗೆರಿ ತೋರಿಸಿದಿ. ಕೆಲವು ಗೆರಿ ನೆಲಕ್ಕ ಮಲಗಿದ್ವು. ಒಂದು ಗೆರಿ ಮೆಲ್ಲಕ ಎದ್ದು ಮ್ಯಾಲೆ ಹೋತು. ಅದು ಎರ್ರಣ್ಣಂದು ಅಂತ ಬಟ್ಟು ಮಾಡಿ ತೋರಿಸಿ ನಕ್ಕಿ. ಕ್ಯಾನ್ಸರ್ ಐತಿ ಅಂತ ತೋರಿಸಿ ನಗ್ತಾಳಲ್ಲ ಅಂತ ನನಗ ಒಂದು ಗಳಿಗಿ ಸಿಟ್ಟು ಬಂತು. ನೀ ಹಾಳಿ ಎಳಕೊಂಡು ಬರದಿ: 'ಅಪ್ಪ, ಇದಕ್ಕೆ ಮಾತ್ರೆ ಇದೆ.' ಆ ಹಾಳಿ ನನ್ನ ಕಿಸೆದಾಗ ಐತಿ.

ಬೋರ್ಡಿನ ಮಾತು ನೀನೂ ತಗೀಲಿಲ್ಲ, ನಾನೂ ತಗೀಲಿಲ್ಲ.

ಬಳ್ಳಾರಿಗೆ ಇಳದವನು ಮನಿಗೆ ಬರದ ಸೀದಾ ಕುರುಗೋಡಿಗೆ ಹೋದೆ. ಎರ್ರಣ್ಣ ಹೊರಸಿನ ಮ್ಯಾಲೆ ಗೋಡಿ ಕಡಿ ಮಾರಿ ಮಾಡಿದ್ದ, ನಾ ಮುಟ್ಟಿದ ಕೂಡಲೇ ಈ ಕಡಿ ಹೊರಳಿದ. ಅವನ ತುಟಿ ಓದಾಕ ನನಗ ಕಿವಿ ಬೇಕಾಗಿಲ್ಲ.

'ಏಮಿರಾ ದಾದಾ, ಎಷ್ಟು ದಿನ ಅಂದ್ರು?'

'ದಿನ ಹೇಳಲಿಲ್ಲಲೇ. ಮಾತ್ರಿ ಹೇಳಿದ್ರು.'

'ಎಷ್ಟು ಮಾತ್ರಿ?'

'ದಿನಕ್ಕ ಒಂದು. ಇರೋ ತನಕ.'

ಅವ ಎದ್ದು ಕುಂತ. 'ಅಂದ್ರ ಇರ್ತೀನಿ ಅಂತಾತು' ಅಂದ. 'ನಮ್ಮ ಸಾಜಿಯಾ ನೋಡಿ ಹೇಳ್ಯಾಳ' ಅಂದೆ. ಯಂಕಮ್ಮ ಒಳಗ ಹೋದಾಕಿ ಭಾಳ ಹೊತ್ತು ಹೊರಗ ಬರಲಿಲ್ಲ.

ರಿಪೋರ್ಟ್ ತಗೊಂಡು ಬರೋ ಸೋಮವಾರ ಅವನ್ನ ಬೆಂಗಳೂರಿನ ಸರಕಾರಿ ಆಸ್ಪತ್ರಿಗೆ ಕರಕೊಂಡು ಹೊಂಟೀನಿ. ಈಗ ರೈಲು ಹತ್ತಾಕ ತಯಾರ ಅದಾನ.

ನಿಮ್ಮಪ್ಪ
ದಾದಾಪೀರ್

ಮುಂಬೈ
17 ಜನವರಿ 2010

ಅಪ್ಪನಿಗೆ ಸಾಜಿಯಾಳ ಸಲಾಂ.

ಮಾಮನಿಗೆ ಮಾತ್ರೆ ಶುರುವಾಗಿ ಒಂದು ತಿಂಗಳಾಯಿತು, ಬಿಳಿ ಕಣ ಇಳಿದಿದೆ, ಮೊನ್ನೆ ಎರಡು ರೊಟ್ಟಿ ತಿಂದ ಅಂತ ಆಫ್ರೀನ್ ಹೇಳಿದಳು. ಆ ದಿನ ನಮ್ಮ ಲ್ಯಾಬ್ ನಡೆಸುವ ಮೇಡಂಗೂ ಹೇಳಿದೆ. ಅವರು, 'ನಾವು ರೋಗಿಗಳ ಮುಖ ನೋಡುವುದೇ ಇಲ್ಲ. ನಿನಗೆ ಒಬ್ಬನ ಊಟದ ಸುದ್ದಿಯಾದರೂ ಬರುತ್ತದಲ್ಲ' ಅಂದರು.

ನೀವು ಲ್ಯಾಬಿನಲ್ಲಿ ಕೂತಿದ್ದಾಗ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಅಷ್ಟು ದೂರ ಬರ್ಫ ಬದಲಿಸುತ್ತ ನೀವು ಬಂದಿರಿ, ನಾನು ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ಸಿಟ್ಟು ಆಗಲೇ ಹೋಗಿತ್ತು. ಹೋಗಿದೆ ಅಂತ ಹೇಳಲು ನಾಚಿಕೆ.

ಈಗ ಆ ಆಸ್ಪತ್ರೆಯ ವಿಷಯ ನಾನೇ ತೆಗೆಯುತ್ತೇನೆ. ಮಾಮನಿಗೆ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು, ಮಾತ್ರೆ ಹತ್ತುತ್ತಿದೆಯೋ ಇಲ್ಲವೋ ನೋಡಲು. ಅವನಂಥವರು ಜಿಲ್ಲೆಯಲ್ಲಿ ಇನ್ನೂ ಇರುತ್ತಾರೆ. ಆ ದಣೇರು ನಿಜವಾಗಿ ಯಂತ್ರ ತರಿಸುವುದಾದರೆ ನಾನು ಬರುತ್ತೇನೆ. ಮನಸ್ಸಿನಿಂದಲೇ ಬರುತ್ತೇನೆ. ಯಾವ ಯಂತ್ರ, ಎಷ್ಟು ಜಾಗ, ಎಷ್ಟು ಜನ ಬೇಕು ಅಂತ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನೀವೇ ಹೋಗಿ ಕೇಳುತ್ತೀರಾ?

ನಿಮ್ಮ
ಸಾಜಿಯಾ

ಕೌಲ್ ಬಜಾರ್
14 ಫೆಬ್ರವರಿ 2010

ಮಗಳು ಸಾಜಿಯಾಗ ಅಪ್ಪನ ದುವಾ.

ಹೋಗಿದ್ದೆ. ಇಸ್ತ್ರಿ ಅಂಗಿ ಹಾಕ್ಕೊಂಡು, ನಿನ್ನ ಹಾಳಿ ಹಿಡಕೊಂಡು ಹೋಗಿದ್ದೆ. ಜಂಬುನಾಥ ಒಳ್ಳೆ ಟೀ ಕೊಡಿಸಿದ. ನಿನ್ನ ಹಾಳಿ ಮ್ಯಾಲಿಂದ ಕೆಳಗ ನೋಡಿ, ನನಗ ಕಿವಿ ಕೇಳಂಗಿಲ್ಲಲ್ಲ, ಉತ್ತರ ಚೀಟಿ ಮ್ಯಾಲೆ ಬರದ. ಆ ಚೀಟಿ ಇದರ ಜೊತಿ ಇಟ್ಟೀನಿ, ನೀನೇ ಓದು. 'ಮಷಿನ್ ಸದ್ಯಕ್ಕೆ ಇಲ್ಲ. ಮೇಡಂ ಹೆಸರು, ಫೋಟೋ ಸಾಕು. ಸ್ಯಾಂಪಲ್ ಹೊರಗೆ ಕಳಿಸೋಣ. ಮೇಡಂ ವಾರಕ್ಕೊಮ್ಮೆ ಬಂದು ಸಹಿ ಮಾಡಿದರೂ ನಡೆಯುತ್ತದೆ.'

ನಾ ಎರಡು ಸಲ ಓದಿದೆ. ಆ ಮನುಷ್ಯ ಸುಳ್ಳು ಹೇಳಲಿಲ್ಲ, ಅದಕ್ಕ ಸಿಟ್ಟು ಬರಲಿಲ್ಲ. 'ನಾ ಕೊಟ್ಟ ಮಾತು ವಾಪಸ್ ತಗೊಂಡೀನ್ರಿ. ಆಕಿನ್ನ ಕೇಳದ ಕೊಟ್ಟಿದ್ದೆ, ತಪ್ಪು ನಂದು. ಬೋರ್ಡಿನ್ಯಾಗಿಂದ ಹೆಸರು ತಗೀರಿ' ಅಂದೆ. ಆಯ್ತು ಅಂತ ತಲಿ ಆಡಿಸಿದ.

ಎಂಟು ದಿನ ನೋಡಿದೆ. ತಗೀಲಿಲ್ಲ. ಒಂಬತ್ತನೇ ದಿನ ಮುಂಜಾನೆ ನನ್ನ ದೊಡ್ಡ ಕತ್ತರಿ ತಗೊಂಡು ಹೋದೆ. ಕಾವಲಿನವ ನಮ್ಮ ಕುರುಗೋಡು ಕಡ್ಯಾವ, ಅಯ್ಯಣ್ಣ ಅಂತ. ಏನು ಮಾಡ್ತೀಯಪ್ಪ ಅಂದ. ಹೇಳಿದೆ. ಸ್ಟೂಲು ತಂದು ಹಿಡಕೊಂಡ. ನಿನ್ನ ಹೆಸರಿನ ತುಂಡು ಅಷ್ಟೇ ಕತ್ತರಿಸಿದೆ. ನೇರಕ್ಕ ಕತ್ತರಿಸೀನಿ, ಬಾಕಿ ಬೋರ್ಡಿಗೆ ಒಂದು ಎಳಿ ಸೈತ ಹರದಿಲ್ಲ.

ಕೆಲಸಗಾರರ ಡ್ರೆಸ್ಸಿನ ಕೆಲಸ ಬ್ಯಾರೆಯವರಿಗೆ ಹೋತು. ಹೋಗಲಿ. ನಮ್ಮ ಟೇಬಲ್ ಖಾಲಿ ಇಲ್ಲ.

ಆ ತುಂಡನ್ನ ನಿಮ್ಮವ್ವ ಹಪ್ಪಳ ಒಣಗಸಾಕ ಕೇಳಿದ್ಲು. ನಾ ಕೊಡಲಿಲ್ಲ.

ನಿಮ್ಮಪ್ಪ
ದಾದಾಪೀರ್

ಮುಂಬೈ
16 ಮೇ 2010

ಅಪ್ಪನಿಗೆ ಸಲಾಂ.

ಜುಲೈ ಕೊನೆಗೆ ಫೆಲೋಶಿಪ್ ಮುಗಿಯುತ್ತದೆ. ನಾಲ್ಕು ದಾರಿ ಇವೆ, ನಾಲ್ಕನ್ನೂ ಬರೆಯುತ್ತೇನೆ.

ದಿಲ್ಲಿ ಹತ್ತಿರ ಒಂದು ದೊಡ್ಡ ಕಂಪನಿ ಲ್ಯಾಬ್ ಕರೆದಿದೆ. ಸಂಬಳ ನಾನು ಕೇಳಿದ್ದಕ್ಕಿಂತ ಹೆಚ್ಚು. ಆದರೆ ದಿನವಿಡೀ ಕಂಪ್ಯೂಟರಿನಲ್ಲಿ ಬಂದ ರಿಪೋರ್ಟಿಗೆ ಸಹಿ ಮಾಡುವುದೇ ಕೆಲಸ. ಕೆನಡಾದಲ್ಲಿ ಎರಡು ವರ್ಷದ ಸಂಶೋಧನೆಗೆ ಮೇಡಂ ನನ್ನ ಹೆಸರು ಕಳಿಸಿದ್ದರು, ಅದೂ ಬಂದಿದೆ. ಹೈದರಾಬಾದಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಣ್ಣ ಲ್ಯಾಬ್, ಮೂವರು ಡಾಕ್ಟರು. ಸಂಬಳ ಸಾಧಾರಣ. ಯಂತ್ರ ಇದೆ, ಪರೀಕ್ಷೆ ನಾವೇ ಮಾಡಬೇಕು.

ನಾಲ್ಕನೆಯದು ಬಳ್ಳಾರಿ. ಅಲ್ಲೊಂದು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರ ಜಾಗ ಇದೆ. ಮಾಮೂಲು ಪೆಥಾಲಜಿ. ಒಂದು ವರ್ಷ ಕಲಿತದ್ದು ಅಲ್ಲಿ ಬಳಕೆಗೆ ಬರುವುದಿಲ್ಲ. ಆದರೂ ಅದಕ್ಕೇ ಹೋಗೋಣ ಅಂತ ಇದ್ದೇನೆ. ಅವ್ವನ ಮೊಣಕಾಲು ಊದಿ ನೋಯುತ್ತಿದೆ. ಆಫ್ರೀನ್ ಮದುವೆಯಾಗಿ ಹೋದರೆ ನಿಮಗೆ ಫೋನಿನಲ್ಲಿ ಯಾರು ಏನು ಹೇಳಿದರು ಅಂತ ತಿಳಿಸುವವರು ಯಾರು? ಜೂನ್ ಹತ್ತಕ್ಕೆ ಸಂದರ್ಶನ. ಟಿಕೆಟ್ ತೆಗೆಸಿದ್ದೇನೆ.

ನಿಮ್ಮ
ಸಾಜಿಯಾ

ಕೌಲ್ ಬಜಾರ್
24 ಮೇ 2010

ಸಾಜಿಯಾ,

ಟಿಕೇಟ್ ವಾಪಸ್ ಮಾಡು.

ನಿನಗ ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. ನೀ ಎರಡು ವರ್ಷದಾಕಿ ಇದ್ದಾಗ ನಾ ಕಟಿಂಗ್ ಮಾಡೋ ಕಾರ್ಖಾನಿ ಮುಚ್ಚಿತು. ಮನಿ ಹತ್ರ ಇರಬೇಕು ಅಂತ ನಾ ಇದೇ ಓಣ್ಯಾಗ ಒಂದು ಅಂಗಡ್ಯಾಗ ಗುಂಡಿ ಹಚ್ಚೋ ಕೆಲಸಕ್ಕ ಕುಂತೆ. ಎರಡು ವರ್ಷ ಕುಂತೆ. ಆಮ್ಯಾಲೆ ಒಬ್ಬರು ಕಟಿಂಗಿಗೆ ಕರದರು. ಟೇಬಲ್ ಮ್ಯಾಲೆ ನಲವತ್ತು ಪದರ ಬಟ್ಟಿ ಹಾಸಿ ಮಷಿನ್ ಹಿಡದ್ರ ಅದು ಗೆರಿ ಬಿಟ್ಟು ಓಡ್ತು. ಮೊದಲನೇ ದಿನ ಇಡೀ ಬಟ್ಟಿ ತಾನು ಕೆಡಿಸಿದೆ. ಕೈ ಮತ್ತ ಕೂಡಾಕ ವರ್ಷ ಹಿಡೀತು. ನಿನ್ನ ಕೆಲಸ ನನ್ನ ಕೆಲಸಕ್ಕಿಂತ ನಾಜೂಕು. ನೀ ಇಲ್ಲಿ ಬಂದು ಎರಡು ವರ್ಷ ಕುಂತ್ರ ಅದು ಕೈ ಬಿಟ್ಟು ಹೋಗ್ತೈತಿ.

ನೀ ಬಂದ್ರ ನನಗ ಎಷ್ಟು ಸಂತೋಷ ಆಗ್ತೈತಿ ಅಂತ ನನಗ ಗೊತ್ತೈತಿ. ನನಗ ಅದೇ ಅಂಜಿಕಿ. ಹೋದ ವರ್ಷ ಆ ಸಂತೋಷಕ್ಕ ಬಿದ್ದು ನಿನ್ನ ಹೆಸರು ಬೋರ್ಡಿಗೆ ಕೊಟ್ಟೆ.

ನಿಮ್ಮವ್ವನ್ನ ಕೇಳಿದೆ. 'ಮೊಣಕಾಲು ನಂದು, ನೋಡಿಕೋತೀನಿ. ಆಕಿ ಬಂದ್ರ ಮೊಣಕಾಲು ಸಣ್ಣದಾಗ್ತೈತೇನು?' ಅಂದ್ಲು.

ಕೆನಡಾ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ನಿನಗ ಬೇಕಂದ್ರ ಹೋಗು. ನನ್ನನ್ನ ಕೇಳಿದ್ರ ಹೈದರಾಬಾದ್ ಅಂತೀನಿ. ಮಷಿನ್ ಐತಿ, ಕೆಲಸ ನಿನ್ನ ಕೈಯಾಗ ಐತಿ. ಭಾಷಿ ನಮಗ ಬರ್ತೈತಿ. ಸಂಜಿ ಬಸ್ ಹತ್ತಿದ್ರ ಮುಂಜಾನೆ ಮುಟ್ಟತೈತಿ. ರಕ್ತ ಕೆಡಂಗಿಲ್ಲ.

ನಿಮ್ಮಪ್ಪ
ದಾದಾಪೀರ್

ಹೈದರಾಬಾದ್
13 ಸೆಪ್ಟೆಂಬರ್ 2010

ಅಪ್ಪನಿಗೆ, ಅವ್ವನಿಗೆ ಸಾಜಿಯಾಳ ಸಲಾಂ.

ಈ ಸಲದ ಹಬ್ಬಕ್ಕೂ ಬರಲಾಗಲಿಲ್ಲ. ಲ್ಯಾಬಿನಲ್ಲಿ ಇಬ್ಬರು ರಜೆ, ನಾನೇ ನಿಂತೆ. ಇಲ್ಲಿನ ಟೆಕ್ನಿಷಿಯನ್ ಮನೆಯಿಂದ ಸುರ್ಕುಂಬ ಬಂತು. ಅವ್ವನದರಷ್ಟು ಗಟ್ಟಿ ಇರಲಿಲ್ಲ.

ಹೋದ ವಾರ ನೀವು ಬಸ್ಸಿನಲ್ಲಿ ಕಳಿಸಿದ ಡಬ್ಬಿ ಬರ್ಫ ಕರಗುವ ಮೊದಲೇ ಬಂತು. ಪರೀಕ್ಷೆ ನಾನೇ ಮಾಡಿದೆ. ಮೊದಲ ಸಲ ನೋಡಿದಾಗ ಮಾಮನ ರಕ್ತದಲ್ಲಿ ಆ ತಪ್ಪು ಹೊಲಿಗೆ ನೂರಕ್ಕೆ ಅರವತ್ತರಷ್ಟು ಇತ್ತು. ಈಗ ಸಾವಿರಕ್ಕೆ ಒಂದೂ ಇಲ್ಲ. ಒಂಬತ್ತೇ ತಿಂಗಳಲ್ಲಿ ಇಷ್ಟು ಇಳಿಯುವುದು ಎಲ್ಲರಿಗೂ ಆಗುವುದಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು, ಯಂಕಮ್ಮ ಅತ್ತೆಗೆ ಹೇಳಿ.

ಮುಂಬೈಯಲ್ಲಿ ರಿಪೋರ್ಟಿಗೆ ಮೇಡಂ ಸಹಿ ಇರುತ್ತಿತ್ತು, ನನ್ನದು ಕೆಳಗೆ ಸಣ್ಣದಾಗಿ. ಇದಕ್ಕೆ ನಾನೊಬ್ಬಳೇ ಸಹಿ ಮಾಡಿದ್ದೇನೆ. ಅಂಚೆಯಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ನೀವು ಹೋಗಿ ಮಾಮನಿಗೆ ಬಾಯಲ್ಲಿ ಹೇಳಿ.

ನಿಮ್ಮ
ಸಾಜಿಯಾ

ಕೌಲ್ ಬಜಾರ್
28 ಸೆಪ್ಟೆಂಬರ್ 2010

ಮಗಳು ಸಾಜಿಯಾಗ ಅಪ್ಪನ ದುವಾ.

ಕುರುಗೋಡಿಗೆ ಹೋಗಿ ಹೇಳಿದೆ. ಎರ್ರಣ್ಣ ಎಮ್ಮಿಗೆ ಮೇವು ಹಾಕಾಕ ಹತ್ತಿದ್ದ. 'ಸಾವಿರಕ್ಕ ಒಂದೂ ಇಲ್ಲಂತಲೇ' ಅಂದೆ. ಅವ ಮೇವು ಹಾಕೋದು ಮುಗಿಸಿ, ಕೈ ತೊಳಕೊಂಡು ಬಂದು, 'ಇನ್ನೊಮ್ಮೆ ಹೇಳು' ಅಂದ. ಮೂರು ಸಲ ಹೇಳಿಸಿದ. ಆಮ್ಯಾಲೆ ಯಂಕಮ್ಮನ್ನ ಕರದು ಆಕಿಗೂ ನನ್ನ ಬಾಯಿಲೇ ಹೇಳಿಸಿದ.

ಅದಿರು ಹೊರದೇಶಕ್ಕ ಕಳಸೋದು ಸರಕಾರ ಬಂದ್ ಮಾಡೈತಿ. ಲಾರಿಗಳು ರಸ್ತಿ ಬಾಜೂಕ ಸಾಲಾಗಿ ನಿಂತಾವ. ಆ ದಣೇರ ಆಸ್ಪತ್ರಿ ಕಂಬದ ಮಟ್ಟಕ್ಕ ನಿಂತೈತಿ. ಎರ್ರಣ್ಣ ಈಗ ಸಿರುಗುಪ್ಪದ ಅಕ್ಕಿ ಗಿರಣಿ ಲಾರಿ ನಡಸ್ತಾನ. ವಾರಕ್ಕ ಮೂರೇ ಟ್ರಿಪ್ ಅಂತ ಮಾಲಕರಿಗೆ ಮೊದಲೇ ಹೇಳಿ ಕೆಲಸಕ್ಕ ಸೇರ್ಯಾನ.

ಆ ಗಿರಣ್ಯಾಗ ಅಕ್ಕಿ ಹಸನ ಮಾಡೋ ಒಂದು ಹುಡುಗಿ ಅದಾಳ. ಮೂಕಮ್ಮ ಅಂತ, ತೆಕ್ಕಲಕೋಟೆಯಾಕಿ, ಹತ್ತೊಂಬತ್ತು ವರ್ಷ. ಎಡಗಡಿ ಹೊಟ್ಟಿ ಹಿಡಕೊಂಡು ಕುಂತಿದ್ದು ಎರ್ರಣ್ಣ ನೋಡ್ಯಾನ. 'ರಾತ್ರಿ ಬೆವರ್ತೈತೇನವ್ವ?' ಅಂತ ಕೇಳ್ಯಾನ. ಹೂಂ ಅಂದಾಳ. ಇವತ್ತು ಮುಂಜಾನೆ ಆಕಿನ್ನೂ ಆಕಿ ತಾಯಿನ್ನೂ ಲಾರ್ಯಾಗ ಕುಂದರಿಸಿಕೊಂಡು ಸೀದಾ ನಮ್ಮ ಕಟಿಂಗ್ ಟೇಬಲ್ ಮುಂದ ತಂದು ಇಳಿಸಿದ. ಇಲ್ಲಿ ಕಣ ಎಣಿಸಿದ್ವಿ. ಒಂದು ಲಕ್ಷ ಎಂಬತ್ತು ಸಾವಿರ. ಮನಿಗೆ ಕರಕೊಂಡು ಹೋಗ್ರಿ ಅಂತ ಯಾರೂ ಹೇಳೋಕಿಂತ ಮೊದಲು ನಾವೇ ಆಕಿನ್ನ ನಿಮ್ಮವ್ವನ ಹತ್ರ ಊಟಕ್ಕ ಕುಂದರಿಸೀವಿ. ತಾಯಿ ಭಾಳ ಅಂಜ್ಯಾಳ. ಎರ್ರಣ್ಣ ಆಕಿ ಮುಂದ ಅಂಗಿ ಎತ್ತಿ ತನ್ನ ಹೊಟ್ಟಿ ತೋರಿಸಿ, 'ನೋಡವ್ವ, ನಂದೂ ಹಿಂಗೇ ಇತ್ತು' ಅನ್ನಾಕ ಹತ್ಯಾನ.

ನೇರಳಿ ಮುಚ್ಚಳದ ಎರಡು ಬಾಟ್ಲಿ, ಹೆಸರು, ವಯಸ್ಸು, ತಗದ ಹೊತ್ತು ಎಲ್ಲಾ ಬರದೀನಿ. ಡಬ್ಬಿ ಇವತ್ತು ಸಂಜಿ ಬಸ್ಸಿಗೆ ಹೊಂಟೈತಿ, ಈ ಕಾಗದ ಅದರ ಮುಚ್ಚಳಕ್ಕ ಕಟ್ಟೀನಿ. ನೀ ಡಬ್ಬಿ ಇಸಕೊಂಡ ಕೂಡಲೇ ನಿಂತಲ್ಲೇ ಇದನ್ನ ಓದಾಕ ಹತ್ತಿರ್ತಿ, ನನಗ ಗೊತ್ತೈತಿ.

ಇಲ್ಲಿಗೆ ಸಾಕು. ಮನಿ ಸುದ್ದಿ ಇನ್ನೂ ಭಾಳ ಐತಿ, ಅದು ಕೆಡಂಗಿಲ್ಲ. ಆ ಹುಡುಗಿ ರಕ್ತ ನೋಡು, ಹೋಗು.

ನಿಮ್ಮಪ್ಪ
ದಾದಾಪೀರ್